ಹೊಳೆಯದ ಸಾಕ್ಷಿ

…ಅದನ್ನೇ ನಾನೂ ಹೇಳ್ತಿರೋದು ಅತ್ತಿಗೆ, ನೀರಿಂದಲೇ ಆಗಿರಬೇಕು. ನೀರೋ, ನಿನ್ನ ನೋಡೋಕೆ ಬಂದವರು ತಂದುಕೊಟ್ಟ ಹಣ್ಣೋ, ಏನೋ ಒಂದು. ಡಾಕ್ಟರೂ ಹಾಗೇ ಬರೆದಿದ್ದಾರಲ್ಲ, ಹೊರಗಿನ ಸೋಂಕು ಅಂತ. ಒಂಬತ್ತು ದಿನ ಒಂದೇ ಸಮ ಭೇದಿಯಾದ್ರೆ ಕಲ್ಲಿನಂಥವರೂ ಹೀಗೇ ಆಗಿಬಿಡ್ತಾರೆ. ಕಣ್ಣು ಗುಳಿಬಿದ್ದು, ಕೈ ಕಡ್ಡಿಯಾಗಿ… ಆದ್ರೆ ಈಗ ನಿಂತಿದೆ. ಎರಡು ದಿನದಿಂದ ನಿಂತಿದೆ ತಾನೇ? ಹೂಂ ಅನ್ನು. ಸರಿ, ತಲೆಯಾದ್ರೂ ಆಡಿಸು. ಅದೂ ಬೇಡ್ವಾ? ಬೇಡ ಬಿಡು.

ಏನು ನೋಡ್ತಿದ್ದೀಯ? ಕೋಟಾ? ಹೌದು, ಕೆಳಗಿಂದ ಹಾಗೇ ಓಡಿಬಂದೆ, ಬಿಚ್ಚಿಡೋಕೆ ಪುರುಸೊತ್ತಾಗಲಿಲ್ಲ. ಹನ್ನೊಂದಕ್ಕೆ ನಿನ್ನ ಎರಡನೇ ಕಿಮೋ ಅಂತ ಅಣ್ಣ ಫೋನ್ ಮಾಡಿದ್ದ. ಕೈಲಿದ್ದ ರೋಗೀನ ಇನ್ನೊಬ್ಬಳಿಗೆ ಒಪ್ಪಿಸಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದೆ. ನಾಲ್ಕು ಮಹಡಿ. ಅದಕ್ಕೇ ಏದುಸಿರು. ಬೇರೆ ಏನೂ ಇಲ್ಲ.

ಗಂಟಲು ಒಣಗಿದ್ಯಾ? ನೀರು ಕೊಡ್ಲಾ? ಇಲ್ಲೇ ಇದೆ ಲೋಟ, ತುಂಬಿಟ್ಟಿದ್ದಾರೆ, ಮುಟ್ಟಿಲ್ಲ ನೀನು. ಒಂದು ಗುಟುಕು… ಬೇಡ್ವಾ. ಆಯ್ತು, ಮಾತಾಡಬೇಡ, ಸುಸ್ತಾಗುತ್ತೆ. ನಾನು ಮಾತಾಡ್ತೀನಿ. ನಮ್ಮಿಬ್ಬರ ಪಾಲಿನ ಮಾತೂ ನಾನೊಬ್ಬಳೇ ಆಡೋದು ಹೊಸದೇನಲ್ಲವಲ್ಲ. ನೀನಿಟ್ಟ ಹೆಸರು ಸುಮ್ಮನೆ ಬಂತಾ, ಬಾಯಿಬಡುಕಿ ಅಂತ?

ನಿನಗೊಂದು ಹೇಳ್ಲಾ? ಬಾಗಿಲ ಹತ್ರ ಸಿಸ್ಟರ್ ಸಿಕ್ಕಿದ್ರು, ಆ ಎತ್ತರದವರು. ನಿಮ್ಮತ್ತಿಗೆ ಬೆಳಗ್ಗೆಯಿಂದ ಒಂದೇ ಹಟ, ನಾದಿನಿ ಬರೋವರೆಗೂ ಬಾಟಲಿ ಹಾಕಬೇಡಿ ಅಂತಾರೆ, ಎಷ್ಟು ಪ್ರೀತಿನಪ್ಪಾ ನಿಮಗೆ ಅಂದ್ರು. ನನಗೆ ಅಲ್ಲೇ ಕಣ್ಣು ತುಂಬಿಬಂತು. ಮೊದಲ ಸಲ ನಿನ್ನ ಪಕ್ಕ ಕೂತು ಕೈ ಹಿಡ್ಕೊಂಡಿದ್ದೆನಲ್ಲ, ಈ ಸಲವೂ ಹಾಗೇ ಕೂರಲಿ ಅಂತ ತಾನೇ? ಕೂರ್ತೀನಿ. ಎಲ್ಲಿಗೂ ಹೋಗಲ್ಲ.

ಆದ್ರೆ ಅತ್ತಿಗೆ… ಇವತ್ತೇ ಬೇಕಾ?

ಅಲ್ಲ, ಸುಮ್ಮನೆ ಕೇಳ್ದೆ. ನಿನ್ನ ಕೈ ನೋಡು, ಸೂಜಿಗೆ ನರ ಸಿಗದೆ ಎಲ್ಲಾ ಕಡೆ ನೀಲಿಗಟ್ಟಿದೆ. ಎಂಟು ಕೆಜಿ ಇಳಿದಿದ್ದೀಯ. ಬಚ್ಚಲಲ್ಲಿ ಬಿದ್ದ ಏಟಿನ ಊತ ಇನ್ನೂ ಹಣೆ ಮೇಲಿದೆ. ಇಷ್ಟರ ಮೇಲೆ ಇನ್ನೊಂದು ಬಾಟಲಿ ತಡ್ಕೊಳ್ಳೋ ಶಕ್ತಿ ಎಲ್ಲಿದೆ ನಿನಗೆ? ಒಂದು ವಾರ ಬಿಟ್ಟು ಹಾಕಿಸ್ಕೊಂಡ್ರೆ ಏನೂ ಮುಳುಗಿಹೋಗಲ್ಲ. ನೀನೇ ಹೇಳಿಬಿಡು, ಇವತ್ತು ನನಗೆ ಬೇಡ, ಆಗಲ್ಲ ಅಂತ. ರೋಗಿ ಬೇಡ ಅಂದ್ರೆ ಯಾರೂ ಬಲವಂತ ಮಾಡೋ ಹಾಗಿಲ್ಲ. ಒಂದು ಮಾತು ಅಷ್ಟೇ. ಬರೆದುಕೊಡು ಬೇಕಾದ್ರೆ, ಪೆನ್ನಿದೆ ನನ್ನ ಹತ್ರ, ಇಲ್ಲೇ ಜೇಬಲ್ಲಿ… ಇಲ್ಲ, ಈ ಜೇಬಲ್ಲಲ್ಲ. ಇದರಲ್ಲಿ ಏನಿಲ್ಲ. ಪೆನ್ನು ಮೇಲಿನ ಜೇಬಲ್ಲಿದೆ, ತಗೋ.

ಯಾಕೆ ತಗೊಳ್ತಿಲ್ಲ?

ನಾನೇ ಹೇಳ್ಲಾ ಡಾಕ್ಟರ್‌ಗೆ? ಹೇಳ್ಬಹುದು… ಆದ್ರೆ ಅವರು ಯಾಕೆ ಅಂತ ಕೇಳ್ತಾರೆ. ನಾನು ಕೆಳಗಿನ ಕತ್ತಲೆ ಕೋಣೇಲಿ ಫೋಟೋ ತೆಗೆಯೋಳು, ಔಷಧಿ ವಿಷಯಕ್ಕೆ ಬಾಯಿ ಹಾಕಿದ್ರೆ ಚೆನ್ನಾಗಿರಲ್ಲ. ನೀನು ಹೇಳಿದ್ರೆ ಬೇರೆ. ನೀನು ಹೇಳಿದ್ರೆ ಯಾರೂ ಏನೂ ಕೇಳಲ್ಲ.

ಅಣ್ಣನೂ ನಿಂತಿದ್ದಾನೆ ಹೊರಗೆ. ಶರ್ಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕ್ಕೊಂಡಿದ್ದ, ನಾನೇ ಸರಿಮಾಡ್ದೆ. ಹದಿಮೂರು ದಿನದಿಂದ ಮನುಷ್ಯ ನೆಟ್ಟಗೆ ನಿದ್ದೆ ಮಾಡಿಲ್ಲ. ನಾನು ಬಂದಿದ್ದು ನೋಡಿ ಅವನ ಮುಖದ ಮೇಲೆ ಗೆಲುವು ಬಂತು ಅತ್ತಿಗೆ. ನೀನು ಇದೇ ಆಸ್ಪತ್ರೇಲಿ ಕೆಲಸಕ್ಕೆ ಇದ್ದೀಯಲ್ಲ, ಎಲ್ಲಾ ನೋಡ್ಕೋತೀಯಲ್ಲ, ನನಗೇನು ಭಯ ಅಂದ. ನನ್ನ ಭುಜ ತಟ್ಟಿದ. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು.

ಯಾಕಂದ್ರೆ… ಯಾಕೂ ಇಲ್ಲ. ಅವನ ಅವಸ್ಥೆ ನೋಡೋಕಾಗದೆ.

ಅದೇನು ಹಿಡ್ಕೊಂಡಿದ್ದೀಯ ಹೊದಿಕೆ ಒಳಗೆ? ಪೇಪರಾ? ತೋರಿಸು… ಓ. ರಿಪೋರ್ಟ್. ನಮ್ಮ ಕೋಣೆಯದ್ದು. ಇದು ನಿನ್ನ ಕೈಗೆ ಯಾರು ಕೊಟ್ರು? ರೋಗಿಗೆ ಕೊಡೋ ರೂಢಿ ಇಲ್ಲ ಇದನ್ನ… ಡಾಕ್ಟರ್ ತೋರಿಸಿದ್ರಾ? ನಿನ್ನೆ ರೌಂಡ್ಸಿನಲ್ಲಿ? ನೋಡಿ ಮೇಡಂ, ಔಷಧಿಯಿಂದಲ್ಲ, ಔಷಧಿಯಿಂದ ಆಗಿದ್ರೆ ಈ ಫೋಟೋ ಬೆಳಗ್ತಿತ್ತು ಅಂತ ಹೇಳಿರಬೇಕು. ಹೇಳೇ ಇರ್ತಾರೆ. ಅವರ ಧೈರ್ಯವೆಲ್ಲ ಈ ಫೋಟೋ ಮೇಲೇ ನಿಂತಿದೆ. ಇದನ್ನ ನಂಬಿಯೇ ಎರಡನೇದನ್ನೂ ಪೂರ್ತಿ ಅಳತೆ ಕೊಡ್ತಿರೋದು.

ಪೂರ್ತಿ ಅಳತೆ. ಅರ್ಧ ಅಲ್ಲ.

ನಗ್ತಿದ್ದೀಯಾ? ಇಲ್ಲ… ನಗು ಅಂದ್ಕೊಂಡೆ. ಆವತ್ತು ನಕ್ಕಿದ್ದೆ ನೀನು, ನೆನಪಿದ್ಯಾ? ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸ್ತಾರೆ ಅಂತ ಹೆದರಿ ಎರಡು ಸೀರೆ ಬದಲಾಯಿಸಿ ಬಂದಿದ್ದೆ. ಒಳಗೆ ಏನೂ ಇಳಿಸಲ್ಲ ಮಾರಾಯ್ತಿ, ಕೊಳವೆ ಇಲ್ಲ, ಸೂಜಿ ಇಲ್ಲ, ಒಂದು ಲೋಟ ಬಣ್ಣದ ನೀರು ಕುಡಿದು ಮಲಕ್ಕೋ, ಕ್ಯಾಮೆರಾ ಮೇಲಿಂದಲೇ ನೋಡುತ್ತೆ ಅಂದೆ. ಚರ್ಮ ದಾಟಿ ಹೇಗೆ ಕಾಣುತ್ತೆ ಅಂತ ನೀನು ಕೇಳಿದೆ. ನೀನು ಅಷ್ಟಕ್ಕೆ ಬಿಡೋಳಾ? ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದೋಳು, ಹೆಜ್ಜೆ ಹೆಜ್ಜೆಗೂ ಯಾಕೆ ಯಾಕೆ. ಕೊನೆಗೆ ಕೂತು ಮಕ್ಕಳಿಗೆ ಹೇಳೋ ಹಾಗೆ ಹೇಳಬೇಕಾಯ್ತು ನಾನು.

ಹೇಗೆ ಹೇಳ್ದೆ? ನಿನ್ನ ಈ ಔಷಧಿ ಗೆಡ್ಡೇನ ಸುಡುತ್ತೆ. ಸುಡೋ ಕೆಲಸ ಮುಗಿದ ಮೇಲೆ ಲಿವರ್ ಅದಕ್ಕೊಂದು ಬೀಗ ಜಡಿದು ಕರುಳಿಗೆ ಕಳಿಸುತ್ತೆ, ಹೊರಗೆ ಹೋಗಲಿ ಅಂತ. ಬೀಗ ಬಿದ್ದ ಔಷಧಿ ಸಾಧು. ಯಾರನ್ನೂ ಕಚ್ಚಲ್ಲ. ಆದ್ರೆ ಕೆಲವರ ಕರುಳಲ್ಲಿ ಒಂದು ಜಾತಿ ಬ್ಯಾಕ್ಟೀರಿಯಾ ಇರುತ್ತೆ, ಅದರ ಹತ್ರ ಬೀಗ ಕತ್ತರಿಸೋ ಕಿಣ್ವ ಇರುತ್ತೆ. ಬೀಗ ಮುರೀತೋ, ಔಷಧಿ ಮತ್ತೆ ಎದ್ದು ಕೂತು ಕರುಳನ್ನೇ ಸುಡೋಕೆ ಶುರುಮಾಡುತ್ತೆ. ಆಗಲೇ ಭೇದಿ, ರಕ್ತ, ಎಲ್ಲಾ. ಯಾರ ಹೊಟ್ಟೇಲಿ ಆ ಕಿಣ್ವ ಚುರುಕಾಗಿದೆ ಅಂತ ಮೊದಲೇ ಗೊತ್ತಾದ್ರೆ ಅಂಥವರಿಗೆ ಔಷಧಿ ಕಡಿಮೆ ಮಾಡಿ ಜೀವ ಉಳಿಸ್ಬಹುದು. ಅದಕ್ಕೇ ನಮ್ಮ ಬಣ್ಣದ ನೀರು. ಆ ಬಣ್ಣಕ್ಕೂ ಅದೇ ಥರದ ಬೀಗ ಹಾಕಿರ್ತಾರೆ. ಹೊಟ್ಟೆಯಲ್ಲಿ ಬೀಗ ಕತ್ತರಿಸೋರು ಇದ್ರೆ ಬಣ್ಣ ಹೊಳೆಯುತ್ತೆ. ಕಣ್ಣಿಗೆ ಕಾಣದ ಹೊಳಪು, ಕ್ಯಾಮೆರಾಕ್ಕೆ ಕಾಣುತ್ತೆ. ಯಾರೂ ಇಲ್ಲದಿದ್ರೆ ಕತ್ತಲೆ.

ಕತ್ತಲೆ ಬಂದ್ರೆ ಒಳ್ಳೇದು ಅಂದೆ. ಇಡೀ ಆಸ್ಪತ್ರೇಲಿ ಕತ್ತಲೆ ಕಂಡು ಖುಷಿಪಡೋ ಕೋಣೆ ಅಂದ್ರೆ ನಮ್ಮದೊಂದೇ ಅಂದೆ. ಅದಕ್ಕೆ ನೀನು ನಕ್ಕೆ.

ನಿಂದು ಕತ್ತಲೆಯೇ ಬಂತು. ನೋಡು, ನಿನ್ನ ಕೈಲೇ ಇದೆಯಲ್ಲ. ಪಕ್ಕೆಲುಬಿಂದ ಸೊಂಟದವರೆಗೂ ಕಪ್ಪು. ಒಂದು ಚುಕ್ಕೆ ಇಲ್ಲ.

ಆ ಚುಕ್ಕೆ ಬೇರೆ. ಅದು ನಿನ್ನ ಹೊಟ್ಟೆಯದ್ದಲ್ಲ, ಪಕ್ಕದಲ್ಲಿ ಇಟ್ಟಿರೋ ಟ್ಯೂಬಿನದ್ದು. ಬೆರಳು ತೆಗೆ ಅದರ ಮೇಲಿಂದ… ಪೇಪರ್ ಮುದುಡುತ್ತೆ. ಅತ್ತಿಗೆ, ತೆಗಿ ಅಂದ್ನಲ್ಲ.

ಬಂತಾ? ಟ್ರಾಲಿ ಸದ್ದು… ಇಲ್ಲ, ಪಕ್ಕದ ವಾರ್ಡಿಗೆ ಹೋಯ್ತು. ಈಗ ಎಷ್ಟು ಗಂಟೆ? ಹತ್ತೂ ನಲವತ್ತು. ಇನ್ನೂ ಇಪ್ಪತ್ತು ನಿಮಿಷ ಇದೆ. ಅತ್ತಿಗೆ, ನಿನ್ನ ಕಾಲಿಗೆ ಬೀಳ್ತೀನಿ, ಬೇಡ ಅಂತ ಒಂದು ಮಾತು ಹೇಳು. ಮೊನ್ನೆಯ ಹಾಗೆ ಮತ್ತೊಂದು ಸಲ ಆದ್ರೆ ನಿನ್ನ ಮೈಯಲ್ಲಿ ಏನೂ ಉಳಿದಿಲ್ಲ. ನೀನು ಎದ್ದು ಕೂರೋದಿಲ್ಲ. ನನಗೆ ಗೊತ್ತು, ನಾನು ನೋಡಿದ್ದೀನಿ ಅಂಥವರನ್ನ, ಕಿಣ್ವ ಜೋರಾಗಿದ್ದು ಪೂರ್ತಿ ಅಳತೆ ತಗೊಂಡವರನ್ನ. ಈ ಪರೀಕ್ಷೆ ಬರೋಕೆ ಮುಂಚೆ ವಾರಕ್ಕೊಬ್ಬರನ್ನ ಕೆಳಗಿನ ಬಾಗಿಲಿಂದ ಸಾಗಿಸ್ತಿದ್ರು.

ನಿನಗೆ ಕಿಣ್ವ ಜೋರಾಗಿದೆ ಅಂತ ನಾನೆಲ್ಲಿ ಅಂದೆ? ಹಾಗನ್ನಲಿಲ್ಲ. ಮಾತಿಗೆ ಹೇಳ್ದೆ. ಹಾಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ನನಗೆ ಭಯ ಆಗುತ್ತೆ.

ಒಂದು ಮಾತಾಡು. ಬೈದ್ರೂ ಪರವಾಗಿಲ್ಲ. ಗಂಟಲು ಬಿದ್ದಿದ್ಯಾ ನಿಜವಾಗಿ? ಹಾಗಿದ್ರೆ ಸಿಸ್ಟರ್ ಹತ್ರ ಬೆಳಗ್ಗೆ ಅಷ್ಟೆಲ್ಲ ಹೇಗೆ ಹೇಳ್ದೆ? ಅಣ್ಣನಿಗೆ ಗಡ್ಡ ತೆಗೆದು ಬಾ ಅಂತ ಗದರಿದ್ಯಂತೆ. ಪಕ್ಕದ ಮಂಚದ ಅಜ್ಜಿ ಹತ್ರ ಮೊಮ್ಮಗಳ ಪರೀಕ್ಷೆ ವಿಷಯ ಕೇಳಿದ್ಯಂತೆ. ಎಲ್ಲರ ಹತ್ರನೂ…

ಓ.

ನಿನ್ನೆ ಸಾಯಂಕಾಲವೂ ನೀನು ಮಾತಾಡ್ಲಿಲ್ಲ. ನಿದ್ದೆ ಮಂಪರು ಅಂದ್ಕೊಂಡೆ. ನನ್ನೊಬ್ಬಳ ಹತ್ರ ಮಾತ್ರ ಮಾತಿಲ್ಲ. ಹೌದಾ?

ಇದು ಆ ಮಾರ್ಕ್ಸ್ ಕಾರ್ಡಿನ ಮೌನ.

ನಗು ಬರ್ತಿದೆ ನನಗೆ… ನಗುವೋ ಅಳುವೋ ಗೊತ್ತಾಗ್ತಿಲ್ಲ. ನೆನಪಿದೆ ತಾನೇ? ಅಮ್ಮ ಹೋದಾಗ ನನಗೆ ಎಂಟು, ನೀನು ನಮ್ಮನೆಗೆ ಬಂದಾಗ ಒಂಬತ್ತು. ಹನ್ನೊಂದು ವರ್ಷದವಳಾದಾಗ ಲೆಕ್ಕದಲ್ಲಿ ಮೂವತ್ತೊಂದು ಬಂತು. ಲೆಕ್ಕದ ಮೇಷ್ಟ್ರ ನಾದಿನಿಗೆ ಮೂವತ್ತೊಂದು! ಮೂರನ್ನ ಎಂಟು ಮಾಡೋದು ಎಷ್ಟು ಸುಲಭ, ಎಡಗಡೆ ಎರಡು ಗೆರೆ. ಶಾಯಿಯ ಬಣ್ಣ ಕೂಡ ಹೊಂದಿಸಿದ್ದೆ. ನೀನು ಕಾರ್ಡ್ ನೋಡಿ, ಸಹಿ ಮಾಡದೆ, ಮೇಜಿನ ಮೇಲೆ ಇಟ್ಟೆ. ಅಷ್ಟೇ. ಬೈಯಲಿಲ್ಲ, ಹೊಡೀಲಿಲ್ಲ. ಎರಡು ದಿನ ಅಣ್ಣನ ಹತ್ರ ಮಾತಾಡ್ದೆ, ಪಕ್ಕದ ಮನೆಯವರ ಹತ್ರ ಮಾತಾಡ್ದೆ, ಹಾಲಿನವನ ಹತ್ರ ಕೂಡ. ನನಗೆ ತಲೆ ಬಾಚಿದೆ, ಜಡೆ ಹೆಣೆದೆ, ಊಟ ಬಡಿಸಿದೆ, ಒಂದಕ್ಷರ ಇಲ್ಲ. ಎರಡನೇ ದಿನ ಊಟಕ್ಕೆ ಕೂತಾಗ ಕೈ ಚಾಚಿದೆ. ಸುಮ್ಮನೆ, ಅಂಗೈ ಮೇಲೆ ಮಾಡಿ. ನಾನು ಆ ಗೆರೆ ಎಳೆದ ಪೆನ್ನು ತಂದು ಅಂಗೈ ಮೇಲಿಟ್ಟು ಭೋರಂತ ಅತ್ತುಬಿಟ್ಟೆ. ಆಮೇಲೆ ನೀನು ತಟ್ಟೆ ನನ್ನ ಕಡೆ ಸರಿಸಿ, ಉಣ್ಣು ಅಂದೆ. ಒಂದೇ ಮಾತು. ಆ ವಿಷಯ ಮತ್ತೆ ಯಾವತ್ತೂ ಎತ್ತಲಿಲ್ಲ.

ನಾನು ಆವಾಗಲೇ ಅಂದ್ಕೊಂಡಿದ್ದೆ, ಈ ಹೆಂಗಸಿನ ಕಣ್ಣು ತಪ್ಪಿಸೋಕಾಗಲ್ಲ ಅಂತ. ಪರೀಕ್ಷೆ ಕೋಣೇಲಿ ನಾಲ್ಕನೇ ಬೆಂಚಿನ ಕೆಳಗೆ ಚೀಟಿ ಕೈ ಬದಲಾದ್ರೆ ಬೆನ್ನು ತಿರುಗಿಸಿ ನಿಂತಿದ್ರೂ ನಿನಗೆ ಗೊತ್ತಾಗ್ತಿತ್ತಂತೆ. ನಿನ್ನ ಶಿಷ್ಯಂದಿರೇ ಹೇಳ್ತಿದ್ರು.

ಸರಿ. ಹೇಳ್ತೀನಿ. ನಿನಗೆ ಗೊತ್ತಾಗಿದೆ ಅನ್ಸುತ್ತೆ, ಆದ್ರೂ ಹೇಳ್ತೀನಿ.

ಆವತ್ತು ಬಣ್ಣದ ಲೋಟ ನಾನು ಕತ್ತಲೆ ಕೋಣೆಯಿಂದ ಹೊರಗೆ ತರಬಾರದಿತ್ತು. ಅದಕ್ಕೆ ಬೆಳಕು ಆಗಲ್ಲ. ಕಪ್ಪು ಡಬ್ಬೀಲಿ ಇಟ್ಟು, ಡಬ್ಬಿಯಿಂದ ನೇರ ಬಾಯಿಗೆ. ಗೋಡೆ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ ಬರೆದಿದೆ, ಬರೆಸಿದ್ದೂ ನಾನೇ. ಆದ್ರೆ ನಿನಗೆ ಆ ಕೋಣೇಲಿ ಉಸಿರುಗಟ್ತು, ಬೆವರಿದೆ, ಹೊಟ್ಟೆ ತೊಳಸ್ತು. ಹನ್ನೆರಡು ಗಂಟೆ ಉಪವಾಸ ಬೇರೆ. ಕರ್ಕೊಂಡು ಬಂದು ಕಾರಿಡಾರಿನ ಕಿಟಕಿ ಹತ್ರ ಕೂರಿಸ್ದೆ. ಲೋಟ ಕಿಟಕಿ ಕಟ್ಟೆ ಮೇಲೆ. ಒಂದೊಂದೇ ಗುಟುಕು ಕುಡಿ, ಅವಸರ ಇಲ್ಲ ಅಂದೆ. ಕುಡಿಸೋಕೆ ಅಂತ ಮಾತು ಶುರುಮಾಡ್ದೆ. ನಮ್ಮ ಬಾಸ್ ಬೋಳು ತಲೆ ಕ್ಯಾಮೆರಾದಲ್ಲಿ ಹೊಳೆದ ಕಥೆ. ನೀನು ನಕ್ಕು ನಕ್ಕು ಕೆಮ್ಮಿದೆ. ನಲವತ್ತು ನಿಮಿಷ ಆಗಿತ್ತು ಲೋಟ ಖಾಲಿಯಾಗೋಕೆ, ಅಷ್ಟು ಹೊತ್ತೂ ಬಿಸಿಲು ನೇರ ಅದರ ಮೇಲೇ ಬಿದ್ದಿತ್ತು. ಬಾಯಿಬಡುಕಿಗೆ ಅದು ಕಾಣಿಸಲೇ ಇಲ್ಲ.

ಬಿಸಿಲು ಬಿದ್ರೆ ಬಣ್ಣ ಸಾಯುತ್ತೆ ಅತ್ತಿಗೆ. ಬೀಗ ಮುರಿದ್ರೂ ಹೊಳೆಯಲ್ಲ. ಹೊಟ್ಟೇಲಿ ಕಿಣ್ವ ಬೆಂಕಿ ಹಾಗಿದ್ರೂ ಫೋಟೋ ಕಪ್ಪಾಗೇ ಬರುತ್ತೆ. ನಮ್ಮ ಕೆಲಸದಲ್ಲಿ ಇರೋ ದೊಡ್ಡ ಅಪಾಯ ಇದೇ. ಬೇರೆ ಪರೀಕ್ಷೆ ಕೆಟ್ಟರೆ ಕೆಟ್ಟ ಸುದ್ದಿ ಬರುತ್ತೆ, ಜನ ಎಚ್ಚರವಾಗ್ತಾರೆ. ನಮ್ಮದು ಕೆಟ್ಟರೆ ಒಳ್ಳೆ ಸುದ್ದಿ ಬರುತ್ತೆ. ಎಲ್ಲರೂ ಖುಷಿಯಾಗಿ ಮನೆಗೆ ಹೋಗ್ತಾರೆ.

ಅಷ್ಟೇ. ಅದೇ ನಡೆದದ್ದು. ಬಣ್ಣ ಸತ್ತಿದ್ರೂ ಸತ್ತಿರಬಹುದು, ಸಾಯದೇನೂ ಇರಬಹುದು. ಇರಬಹುದು ಅಂತ ಅಷ್ಟೇ ಹೇಳ್ತಿರೋದು. ಅಜಾಗ್ರತೆ ನನ್ನದು, ಒಪ್ಕೋತೀನಿ. ನಿನಗೆ ಗಾಳಿ ಬೆಳಕು ಬೇಕಿತ್ತು ಅಂತ ಮಾಡ್ದೆ, ಪ್ರೀತಿಗೆ ಮಾಡ್ದೆ. ಈಗಲಾದ್ರೂ ಮಾತಾಡು.

ಇನ್ನೂ ಯಾಕೆ ನೋಡ್ತೀಯ? ಹೇಳ್ದೆನಲ್ಲ ಎಲ್ಲಾ.

ಬೆರಳು… ಮತ್ತೆ ಆ ಚುಕ್ಕೆ ಮೇಲೇ ಇಟ್ಟಿದ್ದೀಯ.

ಡಾಕ್ಟರ್ ಅದನ್ನೂ ವಿವರಿಸಿದ್ರಾ? ವಿವರಿಸಿರ್ತಾರೆ, ನೀನು ಯಾಕೆ ಅಂತ ಕೇಳದೆ ಬಿಡೋಳಲ್ಲ. ಇದಕ್ಕೆ ನಾವು ಸಾಕ್ಷಿ ಅಂತೀವಿ. ಬಣ್ಣ ಸತ್ತಿದ್ದು ಗೊತ್ತಾಗದೇ ಹೋದ್ರೆ ಅಂತಲೇ ಇಟ್ಟಿರೋ ಕಾವಲು. ರೋಗಿ ಕುಡಿದ ಲೋಟದ ತಳದಲ್ಲಿ ಉಳಿದ ಎರಡು ಹನಿ ತೆಗೆದು, ಕಿಣ್ವ ಇರೋ ಪುಟ್ಟ ಟ್ಯೂಬಿಗೆ ಹಾಕಿ, ರೋಗಿಯ ಪಕ್ಕ ಇಟ್ಟು ಒಟ್ಟಿಗೇ ಫೋಟೋ ತೆಗೀತೀವಿ. ಬಣ್ಣ ಜೀವಂತ ಇದ್ರೆ ಟ್ಯೂಬು ಹೊಳೆಯಲೇಬೇಕು. ಹೊಳೆಯಲಿಲ್ಲ ಅಂದ್ರೆ ಪರೀಕ್ಷೆ ರದ್ದು.

ನಿನ್ನ ಫೋಟೋದಲ್ಲಿ ಟ್ಯೂಬು ಹೊಳೀತಿದೆ. ಹಾಗಾದ್ರೆ ಬಣ್ಣ ಸತ್ತಿರಲಿಲ್ಲ ಅಂತ ಆಯ್ತು. ಹಾಗಾದ್ರೆ ನಾನು ಈಗ ಸುಮ್ಮಸುಮ್ಮನೆ ಹೆದರ್ತಿದ್ದೀನಿ ಅಂತ ಆಯ್ತು. ಲೆಕ್ಕ ಹಾಗೇ ಬರುತ್ತೆ ತಾನೇ ಮೇಷ್ಟ್ರೇ?

ಇಲ್ಲ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಲೆಕ್ಕ ಹಾಗೆ ಬರಲ್ಲ.

ಆವತ್ತು ಫೋಟೋ ತೆಗೆಯೋವಾಗ ನೀನು ಬಲಗಡೆ ಕತ್ತು ಹೊರಳಿಸಿ ಮಲಗಿದ್ದೆ. ಅಲ್ಲಾಡಬೇಡ ಅಂದಿದ್ದೆ, ಅಲ್ಲಾಡಿರಲಿಲ್ಲ. ಕಣ್ಣು ಮುಚ್ಚಿದ್ದೀಯ ಅಂದ್ಕೊಂಡೆ. ಪರದೆಯ ಮಂದ ಬೆಳಕು ಅಷ್ಟೇ ಇತ್ತು… ಆ ಬೆಳಕಲ್ಲಿ ನೀನು ನೋಡಿದ್ಯಾ? ನನ್ನ ಕೈ ಜೇಬಿಗೆ ಹೋಗಿದ್ದು ನೋಡಿದ್ಯಾ?

ನೋಡಿದ್ದೀಯ. ನೋಡಿ ಸುಮ್ಮನಿದ್ದೆ, ಅದು ನಮ್ಮ ಕೆಲಸದ ಭಾಗವೇ ಇರಬೇಕು ಅಂತ. ಹದಿನೆಂಟು ದಿನ ನಿನಗೆ ಅದರ ಅರ್ಥ ಗೊತ್ತಿರಲಿಲ್ಲ. ಬಚ್ಚಲಲ್ಲಿ ಬಿದ್ದಾಗಲೂ ಗೊತ್ತಿರಲಿಲ್ಲ. ನಿನ್ನೆ ಡಾಕ್ಟರ್ ಈ ಚುಕ್ಕೆ ತೋರಿಸಿ ವಿವರಿಸಿದಾಗ ಗೊತ್ತಾಯ್ತು.

ನಾದಿನಿ ಬರೋವರೆಗೂ ಬಾಟಲಿ ಹಾಕಬೇಡಿ ಅಂದೆ. ನಾನೆಂಥ ಪೆದ್ದಿ. ಕೈ ಹಿಡ್ಕೊಳ್ಳೋಕೆ ಅಂದ್ಕೊಂಡೆ.

ಅತ್ತಿಗೆ, ನನಗೆ ತುಂಬಾ ಭಯ ಆಗ್ತಿದೆ. ಕೆಲಸ ಹೋಗುತ್ತೆ, ಹೋಗಲಿ, ಅದಲ್ಲ. ಅಣ್ಣನ ಮುಖ ಹೇಗೆ ನೋಡಲಿ? ಈ ಕೋಟು ಹಾಕಿದ ಮೊದಲ ದಿನ ಇಡೀ ಬೀದಿಗೆ ಹೇಳ್ಕೊಂಡು ಬಂದಿದ್ದ ಅವನು, ನನ್ನ ತಂಗಿ ಆಸ್ಪತ್ರೇಲಿ ದೊಡ್ಡ ಮೆಷಿನ್ ನಡೆಸ್ತಾಳೆ ಅಂತ. ಈಗ ಅವನ ಹೆಂಡತೀನ ಈ ಗತಿಗೆ ತಂದವಳು ನಾನು ಅಂತ ಹೇಗೆ ಹೇಳಲಿ? ನೀನು ಬೇಡ ಅಂದುಬಿಟ್ರೆ ಬಾಟಲಿ ನಿಲ್ಲುತ್ತೆ, ನೀನೂ ಉಳೀತೀಯ, ನಾನೂ ಉಳೀತೀನಿ ಅಂತ ರಾತ್ರಿಯೆಲ್ಲ ಯೋಚನೆ ಮಾಡ್ದೆ. ಆದ್ರೆ ನೀನು ಬೇಡ ಅಂದ್ರೆ ಎಷ್ಟು ದಿನ? ಒಂದು ವಾರ. ಮುಂದಿನ ವಾರ ಅದೇ ರಿಪೋರ್ಟ್ ಇಟ್ಕೊಂಡು ಅದೇ ಪೂರ್ತಿ ಅಳತೆ ತರ್ತಾರೆ. ಅಲ್ಲಿವರೆಗೂ ಯೋಚನೆ ಹೋಗಿರಲಿಲ್ಲ ನನಗೆ. ಅಥವಾ ಹೋಗಿತ್ತು, ನಾನೇ ತಡೆದೆ.

ಗಾಲಿ ಸದ್ದು. ಈ ಸಲ ನಮ್ಮ ಕಡೆಗೇ.

ಕೈ… ಯಾಕೆ ಕೈ ಚಾಚ್ತಿದ್ದೀಯ? ಏಳಬೇಡ, ಸೂಜಿ ಕಿತ್ತುಹೋಗುತ್ತೆ. ಮಲಕ್ಕೋ ಅತ್ತಿಗೆ. ನೀರು ಬೇಕಾ?

ನೀರಲ್ಲ.

ಅಂಗೈ ಮೇಲೆ ಮಾಡಿದ್ದೀಯ.

ತಗೋ. ಇದೇ. ಹದಿನೆಂಟು ದಿನದಿಂದ ಇದೇ ಜೇಬಲ್ಲಿದೆ. ಎಸೆಯೋಕೆ ಅಂತ ಎಷ್ಟು ಸಲ ತೊಟ್ಟಿ ಹತ್ರ ಹೋದೆ, ಕೈ ಬರಲಿಲ್ಲ. ಕೋಟು ಒಗೆಯೋಕೂ ಹಾಕಿಲ್ಲ. ಇದೇ ನಿನ್ನ ಟ್ಯೂಬು. ನೀನು ಕುಡಿದ ಲೋಟದ್ದು. ಅಂಚಲ್ಲಿ ನಿನ್ನ ನಂಬರ್ ಇದೆ ನೋಡು, ನನ್ನದೇ ಅಕ್ಷರ. ಇದು ಹೊಳೀಲಿಲ್ಲ. ಪಕ್ಕದಲ್ಲಿಟ್ಟೆ, ಫೋಟೋ ತೆಗೆದೆ, ಪರದೆ ಮೇಲೆ ನಿನ್ನ ಹೊಟ್ಟೆಯೂ ಕಪ್ಪು, ಟ್ಯೂಬೂ ಕಪ್ಪು. ಟ್ಯೂಬಿನೊಳಗಿನ ಕಿಣ್ವ ಹಳೇದಾಗಿರಬೇಕು ಅಂದ್ಕೊಂಡೆ. ಹಾಗಂದ್ಕೊಳ್ಳೋದು ಸುಲಭ ಇತ್ತು. ಬಿಸಿಲಿನ ನೆನಪು ಆಗಲೇ ಬಂತು, ಬಂದಿಲ್ಲ ಅಂತ ಸುಳ್ಳು ಹೇಳಲ್ಲ. ನೀನು ನಡುಗ್ತಾ ಮಲಗಿದ್ದೆ, ಮುಗೀತಾ, ಇನ್ನೊಂದು ಸಲ ಉಪವಾಸ ಮಾಡೋ ಹಾಗಿಲ್ಲ ತಾನೇ ಅಂತ ಕೇಳಿದೆ. ರದ್ದು ಮಾಡಿದ್ರೆ ಮುಂದಿನ ಸರದಿ ಹದಿನೈದು ದಿನಕ್ಕೆ, ಅಲ್ಲಿವರೆಗೂ ನಿನ್ನ ಔಷಧಿ ನಿಲ್ಲುತ್ತೆ, ಗೆಡ್ಡೆ ಬೆಳೆಯುತ್ತೆ. ಮತ್ತೆ ನಾನು ಬರೆಸಿದ ಬೋರ್ಡನ್ನ ನಾನೇ ಮುರಿದೆ ಅಂತ ರಿಜಿಸ್ಟರಿನಲ್ಲಿ ಬರೀಬೇಕು. ಎಲ್ಲರೆದುರು ಬರೀಬೇಕು. ಬೆಳಗಿನ ರೋಗಿಯ ಟ್ಯೂಬು ಎಸೆಯೋಕೆ ಅಂತ ಜೇಬಲ್ಲಿ ಹಾಕ್ಕೊಂಡಿದ್ದೆ. ಅದು ಕ್ಯಾಮೆರಾ ಕೆಳಗೆ ಇನ್ನೂ ಹೊಳೀತಿತ್ತು. ಅದನ್ನ ತೆಗೆದು ನಿನ್ನ ಪಕ್ಕ ಇಟ್ಟೆ. ಇದನ್ನ ಜೇಬಿಗೆ ಹಾಕ್ಕೊಂಡೆ. ಇನ್ನೊಂದು ಫೋಟೋ ತೆಗೆದೆ.

ಮೂರನ್ನ ಎಂಟು ಮಾಡಿದೆ ಅತ್ತಿಗೆ. ಎರಡು ಗೆರೆ ಅಷ್ಟೇ.

ಬನ್ನಿ ಸಿಸ್ಟರ್. ಒಳಗೆ ಬನ್ನಿ. ಇಲ್ಲ, ಆ ಬಾಟಲಿ ನೇತುಹಾಕಬೇಡಿ. ಟ್ರಾಲಿ ಅಲ್ಲೇ ಬಿಡಿ. ಡಾಕ್ಟರನ್ನ ಕರೀರಿ, ಈಗಲೇ. ರೌಂಡ್ಸಲ್ಲಿದ್ರೆ ಅಲ್ಲಿಂದಲೇ ಕರೀರಿ. ಇವರ ರಿಪೋರ್ಟ್ ಸುಳ್ಳು, ಈ ಭೇದಿ ಔಷಧಿಯಿಂದಲೇ ಆಗಿರೋದು, ಪರೀಕ್ಷೆ ಮತ್ತೆ ಮಾಡಬೇಕು ಅಂತ ಹೇಳಿ. ಯಾರು ಹೇಳಿದ್ರು ಅಂದ್ರೆ ನನ್ನ ಹೆಸರು ಹೇಳಿ. ಸಾಕ್ಷಿ ಇವರ ಕೈಲಿದೆ ಅನ್ನಿ. ಹೊರಗೆ ನಮ್ಮಣ್ಣ ಇದ್ದಾನೆ, ಅವನನ್ನೂ ಒಳಗೆ ಕಳಿಸಿ. ನಾನೇ ಹೇಳ್ತೀನಿ ಅವನಿಗೆ. ಇಲ್ಲೇ ನಿಂತಿರ್ತೀನಿ, ಎಲ್ಲಿಗೂ ಹೋಗಲ್ಲ.

ಏನತ್ತಿಗೆ?

ಈ ಲೋಟ ನಿನಗೆ ಇಟ್ಟಿದ್ದು, ನನ್ನ ಕಡೆ ಯಾಕೆ ಸರಿಸ್ತೀಯ? ನೀನು ಮೊದಲು… ಏನಂದೆ?

ಹೂಂ. ಕುಡೀತೀನಿ.